ತೀರಿಸಲಾಗದ ಕಡ

ಯಯಾತಿಯ ಕಥೆ ನಮ್ಮ ಕಡೆಯವರಿಗೆ ಹೊಸದಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪಡರಿದ ಆ ಅರಸ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ನಿನ್ನ ಯೌವನವನ್ನು ನನಗೆ ಕೊಟ್ಟು ನನ್ನ ಮುಪ್ಪನ್ನು ನೀನು ಹೊತ್ತುಕೊ ಎಂದು ಕೇಳುತ್ತಾನೆ. ಯದು, ತುರ್ವಸು, ದ್ರುಹ್ಯು, ಅನು ಒಲ್ಲೆವೆನ್ನುತ್ತಾರೆ. ಕಿರಿಯವನಾದ ಪುರು ಒಪ್ಪುತ್ತಾನೆ. ಕೇಳಿದವರೆಲ್ಲ ಪುರುವಿನ ಪಿತೃಭಕ್ತಿಯನ್ನು ಕೊಂಡಾಡುತ್ತಾರೆ. ಆದರೆ ಆ ಕಥೆಯಲ್ಲಿ ನಾವು ಬೇಗ ದಾಟಿಹೋಗುವ ಒಂದು ಸಂಗತಿಯಿದೆ: ಒಲ್ಲೆನೆಂದ ನಾಲ್ವರನ್ನೂ ತಂದೆ ಶಪಿಸುತ್ತಾನೆ. ಪುರುವಿನ ಸರದಿ ಬರುವಷ್ಟರಲ್ಲಿ ಅಣ್ಣಂದಿರಿಗೆ ಶಾಪ ತಟ್ಟಿಯಾಗಿದೆ. ಹಾಗಿರುವಾಗ ಪುರುವಿನ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಅದಕ್ಕಿಂತಲೂ ಮೊದಲಿನ ಪ್ರಶ್ನೆ, ಕೇಳುವ ಹಕ್ಕು ಯಯಾತಿಗೆ ಎಲ್ಲಿಂದ ಬಂತು?

ಇದನ್ನು ಪುರಾಣದ ಪ್ರಶ್ನೆಯೆಂದು ಬಿಟ್ಟುಬಿಡುವಂತಿಲ್ಲ. ಒಂದು ಮನೆಯಲ್ಲಿ ಯಾರದಾದರೂ ಎರಡೂ ಮೂತ್ರಪಿಂಡಗಳು ಕೈಕೊಟ್ಟ ದಿನ ಅದೇ ಪ್ರಶ್ನೆ ಆ ಮನೆಯ ಜಗಲಿಗೆ ಬಂದು ಕೂರುತ್ತದೆ. ವಾರಕ್ಕೆ ಎರಡು ಮೂರು ಬಾರಿ, ಸಲವೊಂದಕ್ಕೆ ನಾಲ್ಕು ಗಂಟೆಯಷ್ಟು ಹೊತ್ತು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿರಬೇಕು. ಇಲ್ಲವೇ ಇನ್ನೊಬ್ಬರ ಮೂತ್ರಪಿಂಡವನ್ನು ತಂದು ಕಸಿ ಮಾಡಿಸಬೇಕು. ಆ ಇನ್ನೊಬ್ಬರು ಯಾರು? ನಮ್ಮ ದೇಶದಲ್ಲಿ 1994ರ ಅಂಗಾಂಗ ಕಸಿ ಕಾಯಿದೆ ಇದಕ್ಕೊಂದು ಉತ್ತರ ಕೊಟ್ಟಿದೆ. ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ ಇವರು ಹತ್ತಿರದ ಸಂಬಂಧಿಗಳು. 2011ರ ತಿದ್ದುಪಡಿ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಆ ಪಟ್ಟಿಗೆ ಸೇರಿಸಿತು. ಅದರಾಚೆಗಿನವರು ಮಮತೆಯಿಂದ ಕೊಡುವುದಾದರೆ ಸಮಿತಿಯೊಂದರ ಅನುಮತಿ ಬೇಕು. ಹಣಕ್ಕೆ ಮಾರುವುದು ಅಪರಾಧ. ಯಾರು ಕೊಡಬಹುದು ಎಂಬುದನ್ನು ಕಾಯಿದೆ ಹೇಳಿತು. ಯಾರಲ್ಲಿ ಕೇಳಬಹುದು, ಹೇಗೆ ಕೇಳಬಹುದು ಎಂಬುದನ್ನು ಯಾವ ಕಾಯಿದೆಯೂ ಹೇಳಲಾರದು. ಅದು ಧರ್ಮದ ಪ್ರಶ್ನೆ.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಶಬ್ದಗಳು ಕೆಲವೊಮ್ಮೆ ದಾರಿ ತೋರಿಸುತ್ತವೆ. ಕನ್ನಡದಲ್ಲಿ ಸಾಲಕ್ಕೆ ಕಡ ಎಂಬ ಮಾತಿದೆ. ಮಲೆಯಾಳದಲ್ಲಿ ಅದೇ ಕಡಂ. ಆದರೆ ಮಲೆಯಾಳ ಆ ಶಬ್ದದಿಂದ ಇನ್ನೊಂದನ್ನು ಬೆಳೆಸಿಕೊಂಡಿದೆ: ಕಡಪ್ಪಾಡ್. ಯಾರಿಗೋ ನಾವು ಕಟ್ಟುಬಿದ್ದಿದ್ದೇವೆ, ಅವರ ಉಪಕಾರ ನಮ್ಮ ಮೇಲಿದೆ ಎಂಬ ಭಾವ ಅದರಲ್ಲಿದೆ. ಕನ್ನಡದಲ್ಲಿ ನಾವು ಅದಕ್ಕೆ ಋಣ ಎನ್ನುತ್ತೇವೆ. ಬ್ಯಾಂಕಿನ ಗುಮಾಸ್ತನಾದ ನನಗೆ ಕಡದ ಲೆಕ್ಕ ಗೊತ್ತು. ಅಸಲು ಇಷ್ಟು, ಬಡ್ಡಿ ಇಷ್ಟು, ಕಂತು ಇಷ್ಟು. ಕೊನೆಯ ಕಂತು ಕಟ್ಟಿದ ದಿನ ಅಡವಿಟ್ಟ ಚಿನ್ನ ಮರಳಿ ಕೈಸೇರುತ್ತದೆ, ಖಾತೆ ಮುಗಿಯುತ್ತದೆ. ಋಣಕ್ಕೆ ಹಾಗೆ ಮುಗಿಯುವ ಖಾತೆಯಿಲ್ಲ. ಪುರಾಣದ ಯಯಾತಿಯಾದರೂ ಸಾವಿರ ವರ್ಷ ಭೋಗಿಸಿ ಕೊನೆಗೆ ಮಗನ ಯೌವನವನ್ನು ಹಿಂದಕ್ಕೆ ಕೊಟ್ಟ. ಮೂತ್ರಪಿಂಡ ಪಡೆದವರು ಅದನ್ನು ಹಿಂದಿರುಗಿಸುವಂತಿಲ್ಲ. ತೀರಿಸಲಾಗದ ಕಡವೆಂದರೆ ಇದೇ.

ಬ್ಯಾಂಕಿನ ಅನುಭವದಿಂದಲೇ ಇನ್ನೊಂದು ಮಾತು. ಸಾಲ ಕೇಳಲು ಬರುವವರ ಜೊತೆ ಜಾಮೀನು ಹಾಕುವವರೂ ಬರುತ್ತಾರೆ. ಮೈದುನ, ನೆರೆಯವ, ಜೊತೆಗೆ ದುಡಿಯುವವ. ನಿಯಮದಂತೆ ಅವರಿಗೆ ಕಾಗದ ಓದಿ ಹೇಳುತ್ತೇವೆ, ನಿಮಗೆ ಸಮ್ಮತವೇ ಎಂದು ಕೇಳುತ್ತೇವೆ. ಬೇಡವೆಂದು ಎದ್ದುಹೋದವರನ್ನು ನಾನು ಕಂಡದ್ದು ಬಹಳ ಅಪರೂಪ. ಬೇಡವೆನ್ನಬೇಕಾದವರು ಮನೆಯಿಂದಲೇ ಹೊರಟಿರುವುದಿಲ್ಲ, ಅಥವಾ ಬೇಡವೆನ್ನಲಾಗದೆ ಹೊರಟು ಬಂದಿರುತ್ತಾರೆ. ನಮ್ಮ ಮೇಜಿನ ಮುಂದೆ ನಡೆಯುವುದು ಸಹಿ ಮಾತ್ರ. ಸಮ್ಮತಿಯೋ ಸಂಕೋಚವೋ, ಅದು ಮನೆಯಲ್ಲೇ ನಡೆದುಹೋಗಿರುತ್ತದೆ. ಅಂಗದಾನದ ವಿಷಯದಲ್ಲೂ ಆಸ್ಪತ್ರೆಯವರು ದಾನಿಯನ್ನು ಪ್ರತ್ಯೇಕವಾಗಿ ಕರೆದು, ಯಾರಾದರೂ ಒತ್ತಾಯಿಸಿದರೇ ಎಂದು ಕೇಳಬೇಕಾದ ಕ್ರಮವಿದೆ. ಒಳ್ಳೆಯ ಕ್ರಮವೇ. ಆದರೆ ಯಾರೂ ಬಾಯಿಬಿಟ್ಟು ಕೇಳದೆಯೇ ಇಡೀ ಮನೆ ಮೌನವಾಗಿ ಒಬ್ಬರ ಮುಖವನ್ನು ನೋಡುತ್ತಿದ್ದರೆ, ಆ ಮೌನವನ್ನು ಯಾವ ಅಧಿಕಾರಿ ತಾನೇ ದಾಖಲಿಸಬಲ್ಲ?

ಆ ನೋಟ ಹೆಚ್ಚಾಗಿ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಲೆಕ್ಕವಿದೆ. ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ಅಂಕಿಗಳ ಪ್ರಕಾರ 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ಆದ 36,640 ಕಸಿಗಳಲ್ಲಿ ಅಂಗ ಪಡೆದ ಹೆಂಗಸರು 6,945 ಮಂದಿ, ಉಳಿದವರು ಗಂಡಸರು. ಕೊಡುವವರ ಸಾಲು ಇದಕ್ಕೆ ತದ್ವಿರುದ್ಧ. 2019ರ ಅಂಕಿಗಳಂತೆ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಹೆಂಗಸರು, ಅದರಲ್ಲೂ ಮುಖ್ಯವಾಗಿ ತಾಯಂದಿರು ಮತ್ತು ಹೆಂಡಂದಿರು. ಗಂಡಸರಿಗೆ ರಕ್ತದೊತ್ತಡ, ಕುಡಿತ, ಸಕ್ಕರೆ ಹೆಚ್ಚಿರುವುದರಿಂದ ಅವರು ದಾನಕ್ಕೆ ಅನರ್ಹರಾಗುತ್ತಾರೆ ಎನ್ನುವವರಿದ್ದಾರೆ. ದುಡಿಯುವವನು ಮಲಗಿದರೆ ಮನೆ ನಡೆಯದು ಎನ್ನುವವರಿದ್ದಾರೆ. ಎರಡರಲ್ಲೂ ಸ್ವಲ್ಪ ಸತ್ಯವಿರಬಹುದು. ಆದರೂ ಕೊಡುವುದರಲ್ಲಿ ಹೆಂಗಸರು ಮುಂದೆ, ಪಡೆಯುವುದರಲ್ಲಿ ಹಿಂದೆ ಎಂಬ ಈ ಲೆಕ್ಕವನ್ನು ಪ್ರೀತಿ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರೆದು ಪುಟ ಮಗುಚಲು ಮನಸ್ಸು ಒಪ್ಪುವುದಿಲ್ಲ. ಮಗಳಿಗೋ ಸೊಸೆಗೋ ಬೇಕಾದಾಗಲೂ ಅದೇ ಪ್ರೀತಿ ಅಷ್ಟೇ ಬೇಗ ಎದ್ದು ನಿಲ್ಲುತ್ತದೆಯೇ?

ನಿಜವಾದ ದಾನ ಇಲ್ಲವೆಂದು ಇದರ ಅರ್ಥವಲ್ಲ. ಲೋಕದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ರಿಚರ್ಡ್ ಹೆರಿಕ್ ಎಂಬ ಇಪ್ಪತ್ತಮೂರರ ಯುವಕನಿಗೆ ಅವನ ಅವಳಿ ಸಹೋದರ ರೊನಾಲ್ಡ್ ಕೊಟ್ಟ. ಒಬ್ಬರಿಗೊಬ್ಬರು ಪಡಿಯಚ್ಚಾದ ಅವಳಿಗಳೇ ಎಂದು ಖಾತ್ರಿ ಮಾಡಿಕೊಳ್ಳಲು ಪೊಲೀಸರಿಂದ ಬೆರಳಚ್ಚನ್ನೂ ತೆಗೆಸಿದ್ದರಂತೆ. ಶಸ್ತ್ರಕ್ರಿಯೆ ಮಾಡಿದ ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಬಂತು. ಆರೋಗ್ಯವಂತನ ಮೈಯನ್ನು ಅವನ ಹಿತಕ್ಕಲ್ಲದೆ ಇನ್ನೊಬ್ಬನ ಹಿತಕ್ಕಾಗಿ ಕೊಯ್ಯಬಹುದೇ ಎಂದು ಆ ವೈದ್ಯರು ಹಲವರಲ್ಲಿ ವಿಚಾರಿಸಿದ್ದರು. ನನಗೆ ಮುಖ್ಯವೆನಿಸುವುದು ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ನಡೆದದ್ದು. ರೋಗಿಯಾದ ರಿಚರ್ಡ್, ನೀನು ಇಲ್ಲಿಂದ ಎದ್ದು ಮನೆಗೆ ಹೋಗು ಎಂದು ರೊನಾಲ್ಡನಿಗೆ ಚೀಟಿ ಕಳಿಸಿದ. ಬಂದದ್ದಾಗಿದೆ, ಇಲ್ಲೇ ಇರುತ್ತೇನೆ ಎಂದು ರೊನಾಲ್ಡ್ ಉತ್ತರ ಬರೆದ. ಸಾಯುತ್ತಿರುವವನೇ ಬದುಕಿಸಬಲ್ಲವನಿಗೆ ಬಾಗಿಲು ತೆರೆದಿಟ್ಟ. ಯಯಾತಿಗೂ ರಿಚರ್ಡನಿಗೂ ಇರುವ ಅಂತರ ಆ ಚೀಟಿಯಷ್ಟು. ಬಾಗಿಲು ತೆರೆದಿದ್ದಾಗ ಒಳಗೇ ಉಳಿದವನದು ದಾನ. ಬಾಗಿಲೇ ಇಲ್ಲದ ಕೋಣೆಯಲ್ಲಿ ಉಳಿದವನದನ್ನು ಏನೆನ್ನಬೇಕೋ ತಿಳಿಯದು. ರಿಚರ್ಡ್ ಮತ್ತೆ ಎಂಟು ವರ್ಷ ಬದುಕಿ, ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಂದೆಯಾದ. ಗಣಿತದ ಮಾಸ್ತರನಾದ ರೊನಾಲ್ಡ್ ಒಂದೇ ಮೂತ್ರಪಿಂಡದೊಡನೆ 2010ರವರೆಗೆ ಬದುಕಿದ.

ಹಾಗಾದರೆ ಸಂಬಂಧಿಕರನ್ನು ಸಂಕಟಕ್ಕೆ ಸಿಕ್ಕಿಸದೆ ಹಣಕ್ಕೆ ಕೊಳ್ಳಬಹುದಲ್ಲ, ಕೊಡುವವನಿಗೂ ಲಾಭ, ಪಡೆಯುವವನಿಗೂ ಲಾಭ ಎಂದು ವಾದಿಸುವವರಿದ್ದಾರೆ. ಈ ಪ್ರಯೋಗವನ್ನು ನಮ್ಮ ದೇಶ ಮಾಡಿ ನೋಡಿದೆ. ಕಾಯಿದೆ ಬರುವ ಮುನ್ನ ಮದ್ರಾಸಿನ ವಿಲ್ಲಿವಾಕ್ಕಂ ಎಂಬಲ್ಲಿಗೆ ಕಿಡ್ನಿವಾಕ್ಕಂ ಎಂಬ ಅಡ್ಡಹೆಸರೇ ಬಿದ್ದಿತ್ತು. 2001ರಲ್ಲಿ ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ್ದ 305 ಮಂದಿಯನ್ನು ಸಂಶೋಧಕರು ಮಾತನಾಡಿಸಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಆದರೆ ಮಾತನಾಡಿಸಿದ ಹೊತ್ತಿಗೂ ನಾಲ್ವರಲ್ಲಿ ಮೂವರು ಸಾಲಗಾರರಾಗಿಯೇ ಇದ್ದರು. ಮನೆಯ ಆದಾಯ ಸರಾಸರಿ ಮೂರರಲ್ಲೊಂದು ಪಾಲು ಇಳಿದಿತ್ತು. ನೂರಕ್ಕೆ 79 ಮಂದಿ, ಬೇರೆಯವರು ಮಾರಲಿ ಎಂದು ನಾವು ಹೇಳುವುದಿಲ್ಲ ಎಂದರು. ಸಾಲದ ಪುಸ್ತಕ ಬರೆಯುವವನಾಗಿ ಈ ಅಂಕಿಗಳನ್ನು ಓದಿದಾಗ ನನಗೆ ಅನಿಸಿದ್ದಿಷ್ಟು: ಮೈಯ ಭಾಗವನ್ನು ಕೊಟ್ಟರೂ ಕಡ ತೀರಲಿಲ್ಲ, ಕಡ ಕಟ್ಟಲು ಬೇಕಾದ ಮೈಯ ಬಲ ಮಾತ್ರ ಹೋಯಿತು.

ಕೇಳುವುದು ಕಷ್ಟ, ಕೊಳ್ಳುವುದು ಪಾಪ. ಇನ್ನುಳಿದ ದಾರಿ ಯಾವುದು? ಕೇಳಬೇಕಾದ ಸ್ಥಿತಿ ಬಾರದಂತೆ, ಬಂದರೂ ತಡವಾಗಿ ಬರುವಂತೆ ನೋಡಿಕೊಳ್ಳುವುದು. ಮೂತ್ರಪಿಂಡದ ರೋಗವನ್ನು ಬೇಗ ಕಂಡುಹಿಡಿಯುವ ಸಂಶೋಧನೆಯನ್ನು ನಾವು ಸಾಮಾನ್ಯವಾಗಿ ವೈದ್ಯಶಾಸ್ತ್ರದ ವಿಷಯವೆಂದು ಬದಿಗಿಡುತ್ತೇವೆ. ನನ್ನ ಮಟ್ಟಿಗೆ ಅದು ಮೊದಲು ಧರ್ಮದ ವಿಷಯ. ನನ್ನ ರೋಗವನ್ನು ನಾನು ಬೇಗ ತಿಳಿದುಕೊಳ್ಳುವುದು ನನ್ನ ಆಯುಸ್ಸಿನ ಆಸೆಗೆ ಮಾತ್ರವಲ್ಲ. ನಾಳೆ ಯಾರ ಮುಖವನ್ನು ನಾನು ನೋಡಬೇಕಾಗುತ್ತದೋ, ಆ ಹೆಂಡತಿಯ, ತಂಗಿಯ, ಮಗಳ ಹಿತಕ್ಕಾಗಿಯೂ ಹೌದು.

ಮೂತ್ರಪಿಂಡಗಳ ಗುಣವೇ ಹಾಗೆ, ಅವು ದೂರು ಹೇಳುವುದಿಲ್ಲ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ ನೂರಎಂಬತ್ತು ಲೀಟರಿನಷ್ಟು ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಹಾಕುತ್ತವೆ. ಕೆಲವು ಘಟಕಗಳು ಸತ್ತರೆ ಉಳಿದವು ಅವುಗಳ ದುಡಿಮೆಯನ್ನೂ ಹೊತ್ತುಕೊಳ್ಳುತ್ತವೆ. ಕೂಡುಕುಟುಂಬದಲ್ಲಿ ಬಾಯಿಬಿಡದೆ ಎಲ್ಲರ ಕೆಲಸ ಮಾಡುವ ಹಿರಿಸೊಸೆಯ ಹಾಗೆ. ಕಾಲು ಬಾತು, ಊಟ ಸೇರದೆ, ಉಬ್ಬಸ ಬಂದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಹುಪಾಲು ಶಕ್ತಿ ಹೋಗಿರುತ್ತದೆ.

ಆ ಮೌನವನ್ನು ಒಡೆಯುವ ಪರೀಕ್ಷೆಗಳು ಹಳೆಯವೂ ಹೌದು, ಸರಳವೂ ಹೌದು. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಮೈ ಬಾತವರ ಮೂತ್ರವನ್ನು ಚಮಚದಲ್ಲಿ ಹಿಡಿದು ದೀಪದ ಮೇಲೆ ಕಾಯಿಸಿ ನೋಡಿದ ವಿಷಯವನ್ನು ಪ್ರಕಟಿಸಿದರು. ಮೂತ್ರದಲ್ಲಿ ಇರಬಾರದ ಆಲ್ಬುಮಿನ್ ಎಂಬ ಸಸಾರಜನಕ ಇದ್ದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. 1886ರಲ್ಲಿ ಮಾಕ್ಸ್ ಯಾಫೆ ಎಂಬ ವಿಜ್ಞಾನಿ ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ಬಣ್ಣದ ಮೂಲಕ ಗುರುತಿಸುವ ಕ್ರಮವನ್ನು ಕಂಡುಹಿಡಿದರು. ಇಂದಿಗೂ ಎಷ್ಟೋ ಪ್ರಯೋಗಶಾಲೆಗಳಲ್ಲಿ ಅದೇ ಕ್ರಮ. ಮೂತ್ರದಲ್ಲಿ ಆಲ್ಬುಮಿನ್ ಎಷ್ಟು, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟು, ಈ ಎರಡು ಪರೀಕ್ಷೆಗಳು ಇಂದು ತಾಲೂಕು ಕೇಂದ್ರದಲ್ಲೂ ಆಗುತ್ತವೆ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ಮನೆಯಲ್ಲಿ ಈ ರೋಗ ಕಂಡವರು ವರ್ಷಕ್ಕೊಮ್ಮೆ ಮಾಡಿಸಿದರೆ ರೋಗ ಮಾತನಾಡುವ ಮೊದಲೇ ಅದರ ಹೆಜ್ಜೆಸಪ್ಪಳ ಕೇಳಿಸುತ್ತದೆ.

ಬೇಗ ಕಂಡು ಮಾಡುವುದಾದರೂ ಏನು ಎಂಬ ಪ್ರಶ್ನೆಗೆ ಹಿಂದೆ ಸರಿಯಾದ ಉತ್ತರವಿರಲಿಲ್ಲ. ಈಗ ಇದೆ. ಬ್ರೆಜಿಲಿನ ಒಂದು ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮದ್ದು ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನೂ ಕಾಯುತ್ತದೆ ಎಂದು 1993ರಲ್ಲಿ ತಿಳಿಯಿತು. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಒಂದು ವಸ್ತುವಿನ ಜಾಡು ಹಿಡಿದು ಹೋದವರು ಡಾಪಾಗ್ಲಿಫ್ಲೋಜಿನ್ ಮೊದಲಾದ ಮದ್ದುಗಳನ್ನು ತಯಾರಿಸಿದರು. 21 ದೇಶಗಳ 4,304 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಬಂತು. ಸುಳ್ಳುಗುಳಿಗೆ ನುಂಗಿದವರಲ್ಲಿ ನೂರಕ್ಕೆ 14.5 ಮಂದಿಗೆ ಮೂತ್ರಪಿಂಡ ಬಹಳ ಕುಸಿಯುವ ಅಥವಾ ಆ ಕಾರಣದಿಂದಲೋ ಹೃದ್ರೋಗದಿಂದಲೋ ಸಾಯುವ ಸ್ಥಿತಿ ಬಂದರೆ, ಮದ್ದು ನುಂಗಿದವರಲ್ಲಿ ಅದು 9.2ಕ್ಕೆ ಇಳಿದಿತ್ತು. ಅದೇ ವರ್ಷ ನಮ್ಮ ದೇಶದಲ್ಲಿ ಆ ಮದ್ದಿನ ಪೇಟೆಂಟ್ ಮುಗಿದು, ಹಲವು ಕಂಪೆನಿಗಳು ತಯಾರಿಸತೊಡಗಿ ಬೆಲೆ ಬಹಳ ಇಳಿಯಿತು. ಇಲ್ಲೂ ಒಂದು ಋಣವಿದೆ. ಸುಳ್ಳುಗುಳಿಗೆ ನುಂಗಿದ ಆ ಎರಡು ಸಾವಿರದಷ್ಟು ಮಂದಿಯ ಹೆಸರು ನಮಗೆ ತಿಳಿಯದು. ತಮಗೆ ಸಿಕ್ಕಿದ್ದು ಮದ್ದೋ ಅಲ್ಲವೋ ಎಂದು ಅರಿಯದೆ ಅವರು ಕಾದದ್ದರಿಂದ ಈ ಮದ್ದು ಕೆಲಸ ಮಾಡುತ್ತದೆಂದು ನಾವು ಅರಿತೆವು. ಮೈಯಿಂದ ಏನನ್ನೂ ಕೊಯ್ದುಕೊಡದೆ ಅವರೂ ದಾನಿಗಳೇ ಆದರು.

ಆದರೆ ಅಳತೆಗೋಲು ಎಲ್ಲರಿಗೂ ಒಂದೇ ಎಂದು ನಂಬಿ ಕೂರುವಂತಿಲ್ಲ. ರಕ್ತದ ಕ್ರಿಯಾಟಿನಿನ್‌ನಿಂದ ಮೂತ್ರಪಿಂಡದ ಶಕ್ತಿಯನ್ನು ಅಂದಾಜು ಮಾಡುವ ಸೂತ್ರಗಳಿವೆ. ಅಮೆರಿಕದಲ್ಲಿ 2009ರಲ್ಲಿ ಬಂದ ಸೂತ್ರ ಕರಿಯರಿಗೆ ಬಂದ ಉತ್ತರವನ್ನು 1.159ರಿಂದ ಗುಣಿಸುತ್ತಿತ್ತು. ಅಲ್ಲಿ ಮೃತರ ಮೂತ್ರಪಿಂಡಕ್ಕಾಗಿ ಕಾಯುವ ಸರದಿ ಎಣಿಕೆಗೆ ಬರಬೇಕಾದರೆ ಶಕ್ತಿ 20ಕ್ಕೆ ಇಳಿದಿರಬೇಕು, ಇಲ್ಲವೇ ಡಯಾಲಿಸಿಸ್ ಆರಂಭವಾಗಿರಬೇಕು. ಬಿಳಿಯನೊಬ್ಬನಿಗೆ 18 ಎಂದು ಬಂದರೆ ಅವನು ಸಾಲಿನಲ್ಲಿ ನಿಂತ. ಅದೇ ರಕ್ತ ಕರಿಯನದಾದರೆ 18 ಗುಣಿಸು 1.159, ಅಂದರೆ ಸುಮಾರು 20.9, ಅವನು ಇನ್ನೂ ಹೊರಗೆ. 2021ರಲ್ಲಿ ಆ ಗುಣಕವಿಲ್ಲದ ಹೊಸ ಸೂತ್ರ ಬಂತು. 2023ರಿಂದ ಹಳೆಯ ಲೆಕ್ಕದಿಂದ ತಡವಾದ ಕರಿಯರಿಗೆ ಕಳೆದುಹೋದ ಕಾಯುವಿಕೆಯ ಕಾಲವನ್ನು ಮರಳಿ ಜಮೆ ಮಾಡುವ ಏರ್ಪಾಡಾಯಿತು. ತಪ್ಪಿದ ನಮೂದನ್ನು ಹಿಂದಿನ ತಾರೀಕಿನಿಂದಲೇ ತಿದ್ದುವ ಈ ಕ್ರಮ ಬ್ಯಾಂಕಿನವರಿಗೆ ಅರ್ಥವಾಗುವಂಥದ್ದು. ಆದರೆ ಅಷ್ಟರಲ್ಲಿ ಕಾದು ಸತ್ತವರ ಖಾತೆಗೆ ಜಮೆ ಮಾಡುವುದು ಯಾರಿಂದಲೂ ಆಗದು.

ಇದು ದೂರದ ದೇಶದ ಮಾತೆಂದು ಬಿಡಬೇಡಿ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡಗಳಲ್ಲಿ. ತೆಳ್ಳಗಿನ, ಅರೆಹೊಟ್ಟೆಯ ಹೆಂಗಸಿನ ಮೈಯಲ್ಲಿ ಮಾಂಸಖಂಡ ಕಡಿಮೆ, ಹಾಗಾಗಿ ಕ್ರಿಯಾಟಿನಿನ್ ಹುಟ್ಟುವುದೂ ಕಡಿಮೆ. ಅವಳ ಮೂತ್ರಪಿಂಡ ಸೋಲುತ್ತಿದ್ದರೂ ಕಾಗದದಲ್ಲಿ ಸಹಜ ಎಂದೇ ಕಾಣಬಹುದು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು, ಕೊಡುವ ಮಾತು ಬಂದಾಗ ಮೊದಲು ಎದ್ದು ನಿಲ್ಲುವವಳು, ಈ ಅಳತೆಗೆ ತಪ್ಪಿಸಿಕೊಳ್ಳುವವಳು, ಮೂವರೂ ಒಬ್ಬಳೇ. ಆದ್ದರಿಂದಲೇ ದಾನಿಯನ್ನು ಪರೀಕ್ಷಿಸುವಾಗ ರಕ್ತದ ಒಂದು ಅಂಕಿಗೆ ತೃಪ್ತರಾಗದೆ ಎರಡೂ ಮೂತ್ರಪಿಂಡಗಳ ಶಕ್ತಿಯನ್ನು ಸ್ಕ್ಯಾನ್ ಮೂಲಕ ಬೇರೆಯಾಗಿ ಅಳೆಯುತ್ತಾರೆ. ಕೊಟ್ಟವರಿಗೆ ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳುವುದೂ ಪೂರ್ತಿ ಸರಿಯಲ್ಲ. ಅಪಾಯ ಸಣ್ಣದು, ಆದರೆ ಇಲ್ಲದಿಲ್ಲ. 2014ರಲ್ಲಿ ಅಮೆರಿಕದ 96,217 ದಾನಿಗಳ ಲೆಕ್ಕ ಪ್ರಕಟವಾಯಿತು. ಜೀವಮಾನದಲ್ಲಿ ಮೂತ್ರಪಿಂಡ ಪೂರ್ತಿ ಸೋಲುವ ಸಂಭವ ದಾನಿಗಳಲ್ಲಿ ಹತ್ತು ಸಾವಿರಕ್ಕೆ 90, ಅವರಷ್ಟೇ ಆರೋಗ್ಯವಿದ್ದು ಕೊಡದವರಲ್ಲಿ 14 ಎಂದು ಅದರ ಅಂದಾಜು. ಈ ಎರಡು ಅಂಕಿಗಳನ್ನು ದಾನಿಗೆ ಅವಳ ಭಾಷೆಯಲ್ಲಿ, ಅವಳ ಮನೆಯವರಿಲ್ಲದಾಗ ಹೇಳಿದರೆ ಮಾತ್ರ ಒಪ್ಪಿಗೆಗೆ ಬೆಲೆ.

ಕಸಿಯಾದ ಮೂತ್ರಪಿಂಡ ಹೆಚ್ಚು ಕಾಲ ಬಾಳುವಂತೆ ಮಾಡುವ ಸಂಶೋಧನೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಆರಂಭದ ವರ್ಷಗಳಲ್ಲಿ ಅವಳಿಗಳಲ್ಲದವರ ಅಂಗವನ್ನು ಮೈ ಒಪ್ಪುತ್ತಿರಲಿಲ್ಲ. ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ತಯಾರಾದ ಸೈಕ್ಲೋಸ್ಪೋರಿನ್ ಎಂಬ ಮದ್ದು 1983ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಆಮೇಲೆ ಜಪಾನಿನ ಮಣ್ಣಿನಿಂದ ಟಾಕ್ರೊಲಿಮಸ್ ಬಂತು. ಆದರೂ ಕಸಿಯಾದ ಅಂಗ ಶಾಶ್ವತವಲ್ಲ. ಹಲವು ವರ್ಷಗಳ ಬಳಿಕ ಅದೂ ಸೋಲಬಹುದು, ಆಗ ಮತ್ತೊಬ್ಬರ ಮುಖ ನೋಡಬೇಕು. ಅಂಗದ ಬಾಳಿಕೆಗೆ ಒಂದೊಂದು ವರ್ಷ ಕೂಡಿದಂತೆಲ್ಲ ಆ ಎರಡನೆಯ ಕೇಳಿಕೆ ಅಷ್ಟಷ್ಟು ದೂರ ಹೋಗುತ್ತದೆ.

ಇನ್ನು ಮೃತರಿಂದ ಪಡೆಯುವ ದಾರಿ. ಮಿದುಳು ಸತ್ತು, ಯಂತ್ರದ ಬಲದಿಂದ ಉಸಿರು ಮಾತ್ರ ನಡೆಯುತ್ತಿರುವವರ ಎರಡು ಮೂತ್ರಪಿಂಡಗಳು ಇಬ್ಬರನ್ನು ಬದುಕಿಸಬಲ್ಲವು. ಇಲ್ಲಿ ಯಾವ ಮಗಳೂ ಯಾವ ಹೆಂಡತಿಯೂ ತನ್ನ ಮೈಯನ್ನು ಕೊಯ್ಸಿಕೊಳ್ಳಬೇಕಿಲ್ಲ. ಕೇರಳದಲ್ಲಿ 2012ರಿಂದ ಮೃತಸಂಜೀವನಿ ಯೋಜನೆಯಿದೆ. ಕರ್ನಾಟಕದಲ್ಲಿ ಈ ಕೆಲಸದ ಸಮನ್ವಯ ಸಮಿತಿ 2007ರಿಂದ ಇದೆ. ಆದರೆ ಈ ದಾರಿ ನಂಬಿಕೆಯ ಮೇಲೆ ನಿಂತದ್ದು. ಕೇರಳದಲ್ಲಿ 2015ರಲ್ಲಿ 76 ಮೃತರ ಮನೆಯವರು ಅಂಗ ಕೊಟ್ಟರು. 2018ರಲ್ಲಿ ಆ ಸಂಖ್ಯೆ 8ಕ್ಕೆ ಬಿತ್ತು. ಮಿದುಳಿನ ಸಾವನ್ನು ಘೋಷಿಸುವ ಕ್ರಮದ ಬಗ್ಗೆ ಎದ್ದ ಸಂಶಯ ಅದಕ್ಕೊಂದು ಮುಖ್ಯ ಕಾರಣ. ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕೆಂಬ ನಿಯಮ ಇರುವುದು ಆ ನಂಬಿಕೆಗಾಗಿಯೇ. ಸಂಶಯಪಟ್ಟವರನ್ನು ಮೂಢರೆಂದು ಬೈಯುವುದು ಸುಲಭ. ಅವರ ಸಂಶಯಕ್ಕೆ ಎಡೆಯಿಲ್ಲದಂತೆ ಎಲ್ಲವನ್ನೂ ತೆರೆದಿಟ್ಟು ನಡೆಸುವುದು ಕಷ್ಟ. ನೈತಿಕತೆಯಿರುವುದು ಕಷ್ಟದ ಬದಿಯಲ್ಲಿ.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ನಮ್ಮ ಮತಪೆಟ್ಟಿಗೆ ಕೇರಳದಲ್ಲಿ, ನಮ್ಮ ಆಸ್ಪತ್ರೆ ಮಂಗಳೂರಿನಲ್ಲಿ. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಇದರ ಅರ್ಥ ನಮಗೆ ಮನದಟ್ಟಾಯಿತು. ಆಂಬುಲೆನ್ಸುಗಳು ಹಿಂದಕ್ಕೆ ಬಂದವು, ಚಿಕಿತ್ಸೆ ಸಿಗದೆ ತೀರಿಹೋದವರ ಸುದ್ದಿ ಪತ್ರಿಕೆಗಳಲ್ಲಿ ಬಂತು, ವಿಷಯ ಹೈಕೋರ್ಟು ಸುಪ್ರೀಂ ಕೋರ್ಟುಗಳ ತನಕ ಹೋಯಿತು. ಡಯಾಲಿಸಿಸ್ ಬೇಕಾದವರಿಗೆ ಎರಡು ದಿನ ತಡೆದುಕೊಳ್ಳಿ ಎಂದು ಹೇಳಲಾಗದು. ರಕ್ತದ ಕಶ್ಮಲಕ್ಕೆ ರಾಜ್ಯದ ಗಡಿ ತಿಳಿಯದು. ಮೃತರ ಅಂಗಕ್ಕೆ ಹೆಸರು ನೋಂದಾಯಿಸಲು ಆಯಾ ರಾಜ್ಯದ ವಾಸಿಯೇ ಆಗಿರಬೇಕೆಂಬ ಷರತ್ತನ್ನು ತೆಗೆಯುವಂತೆ 2023ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿದೆ. ನಮ್ಮಂಥವರಿಗೆ ಇದು ದೊಡ್ಡ ಮಾತು. ಆದರೆ ಗಡಿಯಾಚೆ ಆಸ್ಪತ್ರೆಯಿರುವವನಿಗೆ ರೋಗವನ್ನು ಬೇಗ ಅರಿಯುವ ಅಗತ್ಯ ಇತರರಿಗಿಂತ ಹೆಚ್ಚು ಎಂಬ ಪಾಠವೂ ಅದರ ಜೊತೆಗಿದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಹೀಗೆ ಹೇಳಿದರೆ ರೋಗಿಯನ್ನೇ ದೂಷಿಸಿದಂತಾಗುವುದಿಲ್ಲವೇ? ಆಗಬಾರದು. ಹುಟ್ಟಿನಿಂದಲೇ ಬರುವ ಮೂತ್ರಪಿಂಡ ರೋಗಗಳಿವೆ, ಎಷ್ಟು ಎಚ್ಚರವಿದ್ದರೂ ತಡೆಯಲಾಗದವುಗಳಿವೆ. ಹಾಸಿಗೆ ಹಿಡಿದವನ ಮುಂದೆ ನಿಂತು ನೀನು ಮೊದಲೇ ನೋಡಿಕೊಳ್ಳಬೇಕಿತ್ತು ಎನ್ನುವುದು ಕ್ರೌರ್ಯ. ನಾನು ಹೇಳುವುದು ಇನ್ನೂ ಹಾಸಿಗೆ ಹಿಡಿಯದ ನಮ್ಮೆಲ್ಲರ ಕರ್ತವ್ಯವನ್ನು. ಎರಡನೆಯದು, ಬಡವನಿಗೆ ಗೊತ್ತಾಗಿ ಏನು ಪ್ರಯೋಜನ, ಮದ್ದಿಗೆ ದುಡ್ಡಿಲ್ಲದವನಿಗೆ ರೋಗದ ಹೆಸರು ಹೇಳಿ ನಿದ್ದೆ ಕೆಡಿಸುವುದೇಕೆ? ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಚಿಕಿತ್ಸೆಯ ಭರವಸೆಯಿಲ್ಲದ ಪರೀಕ್ಷೆ ಅರ್ಧ ಧರ್ಮ ಮಾತ್ರ. ಆದರೆ ಇಲ್ಲಿ ಲೆಕ್ಕ ಬಡವನ ಪರವಾಗಿಯೇ ಇದೆ: ದಿನಕ್ಕೊಂದೆರಡು ಗುಳಿಗೆಯ ಖರ್ಚನ್ನು ಹೇಗಾದರೂ ಹೊರಬಹುದು, ಡಯಾಲಿಸಿಸಿನ ಖರ್ಚು ಮನೆಯನ್ನೇ ಅಡವಿಡಿಸುತ್ತದೆ. ಆಸ್ಪತ್ರೆಯ ಬಿಲ್ಲಿಗಾಗಿ ನಿರಖು ಠೇವಣಿಯನ್ನು ಅವಧಿಗೆ ಮೊದಲೇ ಮುರಿಸುವವರನ್ನು ದಿನವೂ ನೋಡುವವನಾಗಿ ಇದನ್ನು ಹೇಳುತ್ತಿದ್ದೇನೆ. ಪರೀಕ್ಷೆಯನ್ನೂ ಗುಳಿಗೆಯನ್ನೂ ಬಡವನಿಗೆ ತಲುಪಿಸುವುದು ಸರ್ಕಾರದ ಹೊಣೆ; ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಇಂಥ ಕೇಳಿಕೆಯಿಂದ ಯಾರ ಮೈಯೂ ನೋಯುವುದಿಲ್ಲ.

ನಮ್ಮ ಮನೆಗಳಲ್ಲಿ ಆಸ್ತಿಯ ಪಾಲಿನ ಮಾತು ಸಾವಿನ ಮೊದಲೇ ನಡೆಯುತ್ತದೆ. ಹಾಗೆಯೇ ಈ ಮಾತುಗಳೂ ಆರೋಗ್ಯವಿರುವಾಗಲೇ ನಡೆಯಲಿ. ನನ್ನ ಮಿದುಳು ಸತ್ತರೆ ಅಂಗಗಳನ್ನು ಕೊಡಿ ಎಂದು ಮನೆಯವರಿಗೆ ಹೇಳಿಡೋಣ. ಸಕ್ಕರೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ರಕ್ತ, ಮೂತ್ರ ತೋರಿಸಲಿ. ಮನೆಯ ಹೆಂಗಸರನ್ನೂ ಜೊತೆಗೆ ಕರೆದೊಯ್ಯಲಿ. ಮತ್ತು ನಾಳೆ ಯಾರಿಗೇ ಆಗಲಿ ಅಂಗ ಬೇಕಾಗಿ ಬಂದರೆ, ಕೊಡುವುದಿಲ್ಲ ಎಂದವರಿಗೆ ಈ ಮನೆಯಲ್ಲಿ ಶಾಪವಿಲ್ಲ ಎಂಬುದನ್ನು ಇಂದೇ ಎಲ್ಲರ ಮುಂದೆ ಹೇಳಿಬಿಡೋಣ. ಆಮೇಲೆ ಯಾರಾದರೂ ಕೊಟ್ಟರೆ, ಅದು ದಾನವಾಗುತ್ತದೆ.